ಮಿಸ್ಡ್ ಕಾಲ್ ಕಾಲದ ಒಂದು ಸಂಬಂಧ

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಬರೆಯಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಗುರುಗಳ ಬಗ್ಗೆ, ವಾರ್ಷಿಕೋತ್ಸವದ ಬಗ್ಗೆ ನಾಲ್ಕು ಮಾತು ಬರೆದು ಮುಗಿಸಬಹುದಿತ್ತು. ಆದರೆ ಕಾಲೇಜು ಎಂದೊಡನೆ ನನಗೆ ನೆನಪಾಗುವವನು ಒಬ್ಬ ಸೀನಿಯರ್. ನನ್ನ ಡಿಗ್ರಿಯ ಬಹುಪಾಲು ಅವನ ಮೂಡ್ ನೋಡಿಕೊಂಡೇ ಕಳೆದುಹೋಯಿತು.

ಅವನು ಕೈ ಎತ್ತಿದವನಲ್ಲ, ಬೈದದ್ದೂ ಕಡಿಮೆ. ಆಗಿನ್ನೂ ನಮ್ಮ ಕೈಗೆ ಸ್ಮಾರ್ಟ್‌ಫೋನ್ ಬಂದಿರಲಿಲ್ಲ; ಮೆಸೇಜಿಗೆ ಡೆಲಿವರಿ ರಿಪೋರ್ಟ್ ಬರುತ್ತಿತ್ತು. ರಿಪೋರ್ಟ್ ಬಂದ ಮೇಲೂ ನನ್ನ ಉತ್ತರ ಹೋಗದಿದ್ದರೆ ವಿಚಾರಣೆ ಶುರು. ಒಂದು ಮಿಸ್ಡ್ ಕಾಲ್ ಎಂದರೆ 'ಎಲ್ಲಿದ್ದೀಯ?', ಬೆನ್ನಿಗೇ ಇನ್ನೊಂದು ಬಂದರೆ 'ಈಗಲೇ ಹೊರಗೆ ಬಾ'. ಲೈಬ್ರರಿಯಲ್ಲಿ ಪುಸ್ತಕ ತೆರೆದಿಟ್ಟ ಹಾಗೇ ಎದ್ದು ಓಡಿದ್ದುಂಟು. 'ಹುಡುಗರ ಜೊತೆ ಊರೂರು ಸುತ್ತೋದು ನಿನಗೆ ಬೇಕಾ?' ಎಂದ, ಚರ್ಚಾಸ್ಪರ್ಧೆಯ ತಂಡ ಬಿಟ್ಟೆ. ಇದೆಲ್ಲ ಕಾಳಜಿ ಅಂದುಕೊಂಡಿದ್ದೆ. ಕೆಲವು ಗೆಳತಿಯರಿಗೆ ನನ್ನ ಮೇಲೆ ಹೊಟ್ಟೆಕಿಚ್ಚೂ ಇತ್ತು ಅನ್ನಿ.

ಸೈಕಾಲಜಿ ನನ್ನ ಐಚ್ಛಿಕ ವಿಷಯ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಮೇಡಂ ಬೋರ್ಡಿನ ಮೇಲೆ ಗ್ರಾಫ್ ಎಳೆದು ಹೇಳಿಕೊಟ್ಟಿದ್ದರು. ಪೆಟ್ಟಿಗೆಯೊಳಗಿನ ಹಿಡಿಕೆ ಒತ್ತಿದಾಗಲೆಲ್ಲ ತಿಂಡಿ ಪಡೆಯುತ್ತಿದ್ದ ಇಲಿ, ತಿಂಡಿ ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಒಮ್ಮೆ ಸಿಕ್ಕಿ ಹತ್ತು ಸಲ ಸಿಗದೆ ರೂಢಿಯಾದ ಇಲಿ ಮಾತ್ರ ಬಹಳ ಹೊತ್ತು ಬಿಡದೆ ಒತ್ತುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ ಇದನ್ನು ಪುಟಗಟ್ಟಲೆ ಬರೆದೆ, ಒಳ್ಳೆಯ ಅಂಕವೂ ಬಂತು. ವಾರವಿಡೀ ಮಾತು ಬಿಟ್ಟವನು ಶನಿವಾರ ಒಂದು ಗ್ರೀಟಿಂಗ್ ಕಾರ್ಡ್ ಕೊಟ್ಟರೆ ಕರಗಿಹೋಗುತ್ತಿದ್ದವಳೂ ನಾನೇ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲೇ ಇಂಥ ಸಂಬಂಧಗಳ ಸುತ್ತನ್ನು ಗುರುತಿಸಿದ್ದರೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ: ಬಿಗುವು ಬೆಳೆಯುತ್ತದೆ, ಸ್ಫೋಟವಾಗುತ್ತದೆ, ಆಮೇಲೆ ಕ್ಷಮೆ, ಮುದ್ದು. ಎಲ್ಲವೂ ಹೀಗೇ ಸುತ್ತುವುದಿಲ್ಲ ಎಂಬ ಟೀಕೆಯೂ ಇದೆ. ನನ್ನದರಲ್ಲಿ ಸ್ಫೋಟದ ಜಾಗದಲ್ಲಿ ಅವನ ಮೌನವಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಂತೂ ಜೊತೆಗಾರರನ್ನು ಮೇಲಿಂದ ಮೇಲೆ ಹೀಗೆ ಹಿಡಿತದಲ್ಲಿಟ್ಟು ನಲುಗಿಸುವುದನ್ನು 2015ರ ಕಾನೂನು ಅಪರಾಧವೆಂದೇ ಎಣಿಸುತ್ತದೆ. 5 ವರ್ಷದವರೆಗೆ ಜೈಲು. ಮೈಮೇಲೆ ಹೊಡೆತದ ಗುರುತು ಇರಬೇಕೆಂದಿಲ್ಲ.

ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿ, ಸಂಬಂಧ ತಾನಾಗಿ ಸವೆದು ಮುಗಿಯಿತು. ಬಿಡಿಸಿಕೊಂಡು ಬಂದೆ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಪ್ರೀತಿಸಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಈಗಲೂ ಹೊಟ್ಟೆ ಉರಿಯುವುದು ಹಾಸ್ಟೆಲಿನ ನನ್ನ ರೂಮ್‌ಮೇಟ್ ವಿಷಯಕ್ಕೆ. 'ನಿನ್ನ ಹಿಂದೆ ಅವಳು ಏನೇನು ಆಡ್ಕೊಳ್ತಾಳೆ ಗೊತ್ತಾ?' ಎಂದು ಅವನು ಅಂದದ್ದೇ ಸಾಕಾಯಿತು. ಅವಳನ್ನು ಒಂದು ಮಾತೂ ಕೇಳದೆ ವಾರ್ಡನ್‌ಗೆ ಹೇಳಿ ರೂಮ್ ಬದಲಾಯಿಸಿಕೊಂಡೆ. ಹೋದ ವರ್ಷದ ಸಮಾವೇಶದಲ್ಲಿ ಅವಳು ಸಿಕ್ಕಳು. ತಡವರಿಸುತ್ತ ವಿಷಯ ಎತ್ತಿದೆ. 'ನೀನು ನನ್ನ ಮುಖ ನೋಡೋಕೂ ಇಷ್ಟಪಡಲ್ಲ ಅಂತ ಅವನೇ ಬಂದು ಹೇಳಿದ್ದ ಕಣೇ. ಅದಕ್ಕೇ ನಾನೂ ಕೇಳೋಕೆ ಬರ್ಲಿಲ್ಲ' ಅಂದಳು. ಇಬ್ಬರಿಗೂ ಮೊದಲು ಸಿಟ್ಟು ಬಂತು, ಆಮೇಲೆ ನಗು. ಮಧ್ಯಾಹ್ನದ ಭಾಷಣಗಳನ್ನೆಲ್ಲ ತಪ್ಪಿಸಿ ಹಿಂದಿನ ಮೆಟ್ಟಿಲ ಮೇಲೆ ಕೂತು ಬಾಕಿ ಉಳಿದ ಮಾತನ್ನೆಲ್ಲ ಆಡಿದೆವು. ಪ್ರಾಂಶುಪಾಲರು ಕ್ಷಮಿಸಬೇಕು.