ಸೋಂಕು ನಿಯಂತ್ರಣದ ಸ್ನಾತಕೋತ್ತರ ಪಾಠದಲ್ಲಿ ಲೆಕ್ಕಕ್ಕೆ ಎಷ್ಟು ಜಾಗ?

ನರ್ಸಿಂಗ್ ಪದವಿ ಮುಗಿಸಿ, ಕೆಲವು ವರ್ಷ ವಾರ್ಡಿನಲ್ಲಿ ದುಡಿದು, ಸೋಂಕು ತಡೆ ಮತ್ತು ನಿಯಂತ್ರಣದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆ ಬರುವವರಿಗೆ ಕೈ ತೊಳೆಯುವುದನ್ನು ಮೊದಲಿನಿಂದ ಕಲಿಸಬೇಕಾಗಿಲ್ಲ. ಆಲ್ಕೊಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ, ಭೇದಿ ತರುವ ಕರುಳಿನ ಬ್ಯಾಕ್ಟೀರಿಯಾದ ಸೋಂಕಿರುವ ರೋಗಿಯನ್ನು ಮುಟ್ಟಿದ ಮೇಲೆ ಸೋಪು ನೀರೇ ಏಕೆ ಬೇಕು, ಅದರ ಬೀಜಾಣುಗಳನ್ನು ಆಲ್ಕೊಹಾಲ್ ಏಕೆ ಕೊಲ್ಲಲಾರದು ಎಂಬಷ್ಟನ್ನು ವಿವರಿಸಿ ಮುಂದೆ ಹೋಗಬಹುದು. ಸ್ನಾತಕೋತ್ತರ ಮಟ್ಟದಲ್ಲಿ ಹೆಚ್ಚು ಸಮಯ ಸಲ್ಲಬೇಕಾದದ್ದು ಸೋಂಕನ್ನು ಸರಿಯಾಗಿ ಎಣಿಸುವ ವಿದ್ಯೆಗೆ ಎಂಬುದು ಬೋಧಕಿಯಾಗಿ ನನ್ನ ಖಚಿತ ಅಭಿಪ್ರಾಯ.

ಸೋಂಕು ನಿಯಂತ್ರಣ ನರ್ಸ್ ಎಂಬ ಹುದ್ದೆಯ ಚರಿತ್ರೆಯೂ ಅದನ್ನೇ ಹೇಳುತ್ತದೆ. 1959ರಲ್ಲಿ ಇಂಗ್ಲೆಂಡಿನ ಟಾರ್ಕ್ವೇಯಲ್ಲಿ, ಆಸ್ಪತ್ರೆಗಳನ್ನು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾಡುತ್ತಿದ್ದ ಕಾಲದಲ್ಲಿ, ಸೋಂಕಿನ ಮೇಲೆ ನಿಗಾ ಇಡಲೆಂದೇ ಒಬ್ಬ ನರ್ಸನ್ನು ನೇಮಿಸಲಾಯಿತು. ಮುಂದೆ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದು 1985ರಲ್ಲಿ ಪ್ರಕಟವಾದ ಸೆನಿಕ್ ಅಧ್ಯಯನವು, ನಿಗಾ ವ್ಯವಸ್ಥೆ, 250 ಹಾಸಿಗೆಗೆ ಒಬ್ಬ ಸೋಂಕು ನಿಯಂತ್ರಣ ನರ್ಸ್ ಮೊದಲಾದವುಗಳಿರುವ ಬಲವಾದ ಕಾರ್ಯಕ್ರಮವಿದ್ದ ಕಡೆ ಸೋಂಕು ಸುಮಾರು 32 ಪ್ರತಿಶತ ಇಳಿದಿತ್ತೆಂದು ತೋರಿಸಿತು. ನಿಗಾ ಎಂದರೆ ಎಣಿಕೆ. ಎಣಿಸಿದ್ದನ್ನು ಆಯಾ ವಾರ್ಡಿನ ವೈದ್ಯರಿಗೂ ನರ್ಸುಗಳಿಗೂ ಹಿಂತಿರುಗಿ ತಿಳಿಸುವುದೂ ಅದರೊಳಗೇ ಸೇರಿದೆ.

ವಿದ್ಯಾರ್ಥಿಗಳು ಎಡವುವುದು ಸೋಂಕಿನ ದರವೆಂಬ ಭಿನ್ನರಾಶಿಯ ಕೆಳಭಾಗದಲ್ಲಿ. ಒಂದು ಐಸಿಯುನಲ್ಲಿ ತಿಂಗಳಿಗೆ ಮೂರು, ಇನ್ನೊಂದರಲ್ಲಿ ಎರಡು ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ರಕ್ತಸೋಂಕುಗಳಾದವು ಎಂದಿಟ್ಟುಕೊಳ್ಳೋಣ. ಮೊದಲನೆಯದೇ ಕೆಟ್ಟದ್ದು ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಆದರೆ ಮೊದಲನೆಯದರಲ್ಲಿ 1500 ಲೈನ್-ದಿನಗಳೂ (ಒಬ್ಬ ರೋಗಿಗೆ ಲೈನ್ ಇದ್ದ ಒಂದು ದಿನವೇ ಒಂದು ಲೈನ್-ದಿನ) ಎರಡನೆಯದರಲ್ಲಿ 800 ಲೈನ್-ದಿನಗಳೂ ಇದ್ದರೆ, ಸಾವಿರ ಲೈನ್-ದಿನಕ್ಕೆ ದರ ಕ್ರಮವಾಗಿ 2 ಮತ್ತು 2.5 ಆಗುತ್ತದೆ, ತೀರ್ಪು ತಲೆಕೆಳಗಾಗುತ್ತದೆ. (ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಆ ವ್ಯತ್ಯಾಸವೂ ಕೇವಲ ಆಕಸ್ಮಿಕವಾಗಿರಬಹುದು ಎಂಬುದು ಅದರ ಮುಂದಿನ ಪಾಠ.) ಈ ಲೈನ್-ದಿನಗಳು ಕಂಪ್ಯೂಟರಿನಲ್ಲಿ ತಾವಾಗಿಯೇ ಹುಟ್ಟುವುದಿಲ್ಲ. ಪ್ರತಿದಿನ ಒಂದೇ ಹೊತ್ತಿಗೆ ಯಾರಾದರೂ ಹಾಸಿಗೆಯಿಂದ ಹಾಸಿಗೆಗೆ ನಡೆದು, ಹೊದಿಕೆ ಸರಿಸಿ, ಲೈನ್ ಇದೆಯೇ ಎಂದು ನೋಡಿ ಗುರುತು ಹಾಕಬೇಕು. ಒಬ್ಬ ರೋಗಿಗೆ ಎರಡು ಲೈನ್ ಇದ್ದರೂ ಅದು ಒಂದೇ ಲೈನ್-ದಿನ. ಹಾಗೆ ನಡೆಯುವಾಗಲೇ ನೆಲಕ್ಕೆ ತಾಗಿದ ಮೂತ್ರಚೀಲವೂ, ಅಂಚು ಎದ್ದ ಡ್ರೆಸಿಂಗೂ, ಯಾವ ಕಾರಣಕ್ಕೆ ಹಾಕಿದ್ದೆಂದು ಯಾರಿಗೂ ನೆನಪಿಲ್ಲದ ಕ್ಯಾಥೆಟರೂ (ಮೂತ್ರ ಹರಿಸುವ ಕೊಳವೆ) ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಈ ಎಣಿಕೆಯನ್ನು ಗುಮಾಸ್ತಿಕೆಯೆಂದು ಕಿರಿಯರಿಗೆ ದಾಟಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಯಾವುದನ್ನು ಸೋಂಕೆಂದು ಎಣಿಸಬೇಕು ಎಂಬ ವ್ಯಾಖ್ಯೆಯಲ್ಲೂ ಅಷ್ಟೇ ಶಿಸ್ತು ಬೇಕು. ಚಿಕಿತ್ಸೆ ನೀಡುವ ವೈದ್ಯರು ಸೋಂಕಿರಬಹುದೆಂದು ಶಂಕಿಸಿ ಔಷಧ ಆರಂಭಿಸುವುದು ಸರಿಯೇ, ಆದರೆ ನಿಗಾ ವ್ಯಾಖ್ಯೆಗೆ ಆ ಶಂಕೆ ಸಾಲದು. ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು ಸಾಮಾನ್ಯವಾಗಿ 30 ದಿನ, ಕೃತಕ ಕೀಲಿನಂಥವನ್ನು ಅಳವಡಿಸಿದ್ದರೆ 90 ದಿನ ಗಮನಿಸಬೇಕಾಗುತ್ತದೆ. ರೋಗಿಯನ್ನು ಮೂರನೆಯ ದಿನವೇ ಮನೆಗೆ ಕಳುಹಿಸಿ, ಆಮೇಲೆ ವಿಚಾರಿಸದ ಆಸ್ಪತ್ರೆಯ ದರ ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಕೈ ಶುಚಿತ್ವದ ವೀಕ್ಷಣೆಯದೂ ಇದೇ ಕಥೆ. ಹಲಗೆ ಹಿಡಿದು ಒಬ್ಬರು ನಿಂತಿದ್ದಾರೆಂದು ಗೊತ್ತಾದ ಕ್ಷಣ ಎಲ್ಲರ ಕೈಗಳೂ ದ್ರಾವಣದ ಬಾಟಲಿಯತ್ತ ಚಾಚುತ್ತವೆ. ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಅಳೆಯಬಲ್ಲವರನ್ನು ತಯಾರು ಮಾಡುವುದು ಸ್ನಾತಕೋತ್ತರ ಶಿಕ್ಷಣದ ಹೊಣೆ.

ಕ್ರಿಮಿಶುದ್ಧೀಕರಣ, ಸೂಕ್ಷ್ಮಜೀವಿಶಾಸ್ತ್ರ, ಪ್ರತ್ಯೇಕವಾಸದ ನಿಯಮಗಳು ಬೇಕೇ ಬೇಕು; ಅವಕ್ಕೆ ಒಳ್ಳೆಯ ಪಠ್ಯಗಳಿವೆ. ಪಠ್ಯದಲ್ಲಿ ಸಿಗದಿರುವುದು ಹಿರಿಯ ಶಸ್ತ್ರವೈದ್ಯರೆದುರು ನಿಂತು, "ಸರ್, ಈ ಕ್ಯಾಥೆಟರ್ ಇವತ್ತೂ ಬೇಕೇ?" ಎಂದು ಕೇಳುವ ಧೈರ್ಯ. ಸೋಂಕು ನಿಯಂತ್ರಣ ನರ್ಸಿಗೆ ಜವಾಬ್ದಾರಿ ದೊಡ್ಡದು, ಆಜ್ಞಾಪಿಸುವ ಅಧಿಕಾರ ಮಾತ್ರ ಅನೇಕ ಕಡೆ ಕಡಿಮೆ. ಆಕೆಯ ಕೈಯಲ್ಲಿರುವುದು ಅಂಕಿಗಳು, ಮತ್ತು ಅವನ್ನು ಯಾರನ್ನೂ ಕಟಕಟೆಗೆ ನಿಲ್ಲಿಸದೆ ಮುಂದಿಡುವ ಜಾಣ್ಮೆ. ಆದ್ದರಿಂದ ಪರೀಕ್ಷೆಯಲ್ಲಿ ಸೋಂಕಿನ ಸರಪಳಿಯ ಆರು ಕೊಂಡಿಗಳನ್ನು ಬರೆಯಿಸುವ ಬದಲು, ಒಂದು ವಾರ್ಡಿನ ತಿಂಗಳ ರೋಗಿಪಟ್ಟಿಯನ್ನು ಹೆಸರು ಅಳಿಸಿ ಕೊಟ್ಟು, ದರ ಲೆಕ್ಕ ಹಾಕಿಸಿ, ಆ ವಾರ್ಡಿನ ಮುಖ್ಯಸ್ಥರಿಗೆ ಒಂದು ಪುಟದ ವರದಿ ಬರೆಯಿಸಬೇಕೆಂದು ನಾನು ವಾದಿಸುತ್ತ ಬಂದಿದ್ದೇನೆ. ಮೌಲ್ಯಮಾಪನಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಸಹೋದ್ಯೋಗಿಗಳ ಆಕ್ಷೇಪ, ಮತ್ತು ಅದು ನಿಜವೇ.