ಹೋಗಿ ಹೋಗಿ ಪ್ಲೇಗಾ?

ನನ್ನ ಕಾದಂಬರಿ ಹೈಸ್ಕೂಲು ಮಕ್ಕಳಿಗೆ. ಕಥೆ ನಡೆಯುವುದು 1898ರಲ್ಲಿ, ಪ್ಲೇಗ್ ಬಂದ ವರ್ಷ, ಬೆಂಗಳೂರು ಪೇಟೆಯಲ್ಲಿ. ಇಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ನನಗೆ ಬಾಯಿಪಾಠ. "ಅಷ್ಟು ದೊಡ್ಡ ಇತಿಹಾಸ ಇಟ್ಕೊಂಡು ಹೋಗಿ ಹೋಗಿ ಪ್ಲೇಗಾ? ವಿಜಯನಗರ ಬರೀಬಹುದಿತ್ತಲ್ಲ?" ಆ "ಹೋಗಿ ಹೋಗಿ" ಇದೆಯಲ್ಲ, ಅದಕ್ಕೇ ನನಗೆ ಮೈ ಉರಿಯುವುದು.

ಹೋದ ವರ್ಷ ಒಂದು ಮದುವೆಯಲ್ಲಿ ದೂರದ ಸಂಬಂಧದ ದೊಡ್ಡಪ್ಪ ಪಕ್ಕದ ಎಲೆಗೆ ಕೂತರು. "ಮಕ್ಕಳಿಗೆ ಹೆಮ್ಮೆ ಅನ್ನಿಸೋದು ಬರಿಯಮ್ಮ. ಪ್ಲೇಗಲ್ಲಿ ಅಂಥಾದ್ದೇನಿದೆ?" ಅಂದರು. ಕೇಳಿದರಲ್ಲ ಅಂತ ಹೇಳಿದೆ. ಮೊದಲು ಚಳಿಜ್ವರ, ಆಮೇಲೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ, ಇಷ್ಟು ದಪ್ಪ ಅಂತ ಎಲೆ ಮೇಲಿದ್ದ ಬೋಂಡ ತೋರಿಸಿದೆ. ದೊಡ್ಡಪ್ಪ ಬೋಂಡ ಮುಟ್ಟಲಿಲ್ಲ. ತಪ್ಪು ನನ್ನದೇ, ಆದರೆ ಊಟದ ಹೊತ್ತಲ್ಲಿ ಕೇಳಿದ್ದು ಯಾರು?

ಸರಿ, ಉತ್ತರ. ವಿಜಯನಗರದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ರಾಜ ಬಂದರೆ ಕಥೆಯೆಲ್ಲ ಅವನದೇ ಆಗುತ್ತದೆ, ಹದಿನಾಲ್ಕರ ಹುಡುಗಿ ಪಕ್ಕದಲ್ಲಿ ಚಾಮರ ಬೀಸುತ್ತಾ ನಿಲ್ಲಬೇಕು. 1565ರಲ್ಲಿ ಏನಾಗುತ್ತದೆ ಅಂತ ಮಕ್ಕಳು ಪರೀಕ್ಷೆಗೇ ಓದಿರುತ್ತಾರೆ. ನನಗೆ ಬೇಕಿದ್ದದ್ದು ದೊಡ್ಡವರಿಗೂ ದಿಕ್ಕು ತೋಚದ ಒಂದು ವರ್ಷ. ಅಟ್ಟದಿಂದ ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಇಲಿ ಬಿದ್ದರೆ ಕೇಡು ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಇಲಿಯ ಚಿಗಟದಿಂದ ರೋಗ ಹರಡುತ್ತದೆ ಅಂತ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದ, ಡಾಕ್ಟರುಗಳೇ ಬಹಳ ವರ್ಷ ಒಪ್ಪಲಿಲ್ಲ. ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಬೊಂಬಾಯಿಯಲ್ಲಿ ಮಾಡಿದ ಪ್ಲೇಗಿನ ಚುಚ್ಚುಮದ್ದೂ ಇತ್ತು, ಆದರೆ ಸೂಜಿ ಅಂದರೆ ಜನಕ್ಕೆ ಭಯ. ನನ್ನ ಕಥೆಯಲ್ಲಿ ಸರ್ಕಾರದವರು ಒಂದು ಹೇಳುತ್ತಾರೆ, ಅಜ್ಜಿ ಪ್ಲೇಗಮ್ಮನಿಗೆ ಹರಕೆ ಹೊರುತ್ತಾಳೆ, ಅಪ್ಪ ಎರಡನ್ನೂ ಪೂರ್ತಿ ನಂಬಲಾರ. ಅಂಥ ಮನೆಯಲ್ಲಿ ಹುಡುಗಿ ತಾನೇ ಏನಾದರೂ ಮಾಡಬೇಕಲ್ವಾ?

ಯಾಕೆ ಅಂತ ಕೇಳುವವರು ಬೇಕಾದಷ್ಟು ಜನ. ಹೇಗೆ ಅಂತ ಕೇಳಿದರೆ ನಾನು ಕಾಫಿ ಕೊಡಿಸಿ ಹೇಳುತ್ತೇನೆ. ಅವಳು ರಾತ್ರಿ ಯಾವ ಬೆಳಕಲ್ಲಿ ಓಡಿದಳು? ಮೊದಲ ಕರಡಿನಲ್ಲಿ ಕರೆಂಟಿನ ಬೀದಿದೀಪ ಹಾಕಿಬಿಟ್ಟಿದ್ದೆ. ಬೆಂಗಳೂರಿನ ಬೀದಿಗೆ ಕರೆಂಟ್ ಬಂದದ್ದು 1905ರಲ್ಲಿ! ಅಚ್ಚಿಗೆ ಹೋಗುವ ಮೊದಲು ಗೆಳತಿಯೊಬ್ಬಳು ಹಿಡಿದಳು, ಮಾನ ಉಳಿಯಿತು.

ಇನ್ನೊಂದು ಯಾರ ಕಣ್ಣಿಗೂ ಬೀಳಲಿಲ್ಲ. ಪುಸ್ತಕ ಬಂದ ಮೇಲೆ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು, "ಮನೆ ಬಿಟ್ಟಾಗ ಬೆಕ್ಕನ್ನ ಏನ್ ಮಾಡಿದ್ರು ಮಿಸ್?" ಅಂದಳು. ಮೂರನೇ ಅಧ್ಯಾಯದಲ್ಲಿ ಒಲೆ ಪಕ್ಕ ಮಲಗಿದ್ದ ಬೆಕ್ಕು ನಾಲ್ಕರಲ್ಲಿ ಇಲ್ಲವೇ ಇಲ್ಲ. ನಾನು ಸುಮ್ನೆ ಮರೆತಿದ್ದೆ.

ಎರಡನೇ ಮುದ್ರಣದಲ್ಲಿ ಬೆಕ್ಕು ಗಾಡಿ ಹತ್ತಿದೆ, ರಾಗಿ ಮೂಟೆ ಮೇಲೆ ಕೂತಿದೆ. ಹುಡುಗಿ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಳ್ಳುತ್ತಾಳೆ. ಅದು ಯಾಕೆ ಒಂದೇ ಸಮನೆ ಮೈ ಕೆರೆದುಕೊಳ್ಳುತ್ತಿದೆ ಅಂತ ಗಾಡಿಯಲ್ಲಿ ಯಾರೂ ಕೇಳುವುದಿಲ್ಲ.