ಮ್ಯಾಗಜಿನ್ ನೋಡಿ ಗನ್ ಗುರುತಿಸಿದ್ದೆ

ನಾನು ಒಂದು ಮ್ಯೂಸಿಯಂನಲ್ಲಿ ಹಳೇ ಸೇನಾ ಆಯುಧಗಳ ದಾಖಲೆ ಬರೆಯುವ ಕೆಲಸ ಮಾಡುತ್ತೇನೆ. ಒಳಗೆ ಬಂದ ಪ್ರತಿ ಮಷಿನ್ ಗನ್ನಿಗೂ ಒಂದು ಕಾರ್ಡ್ ಇರುತ್ತದೆ. ಯಾವ ಮಾದರಿ, ಎಲ್ಲಿ ತಯಾರಾದದ್ದು, ಯಾವ ವರ್ಷ, ಯಾವ ಕ್ಯಾಲಿಬರ್ (ನಳಿಗೆಯ ಒಳ ಅಳತೆ), ಸರಿಯಾಗಿ ಡಿಆಕ್ಟಿವೇಟ್ ಆಗಿದೆಯಾ, ಅಂದರೆ ಮತ್ತೆ ಗುಂಡು ಹಾರದ ಹಾಗೆ ಮಾಡಿದ್ದಾರಾ, ಎಲ್ಲ ಅದರಲ್ಲಿ ಬರೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಬರೆದ ಒಂದು ಕಾರ್ಡ್ ತಪ್ಪಾಗಿತ್ತು. ಅದು ಹೇಗೆ ತಪ್ಪಾಯಿತು ಅನ್ನೋದನ್ನು ಹಳೇ ಗನ್ ಸಂಗ್ರಹಿಸುವವರಿಗೆ ಹೇಳಬೇಕು ಅನ್ನಿಸಿತು.

ಅದೊಂದು ಬ್ರೆನ್ ಗನ್, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಬಳಸಿದ ಹಗುರ ಮಷಿನ್ ಗನ್. ಮರದ ಪೆಟ್ಟಿಗೆಯಲ್ಲಿ ಬಂದಿತ್ತು. ಮೈಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ಬಣ್ಣದ ನಡುವೆ ‘ಇಂಗ್ಲಿಸ್’ ಅನ್ನುವ ಹೆಸರು, 1944 ಅನ್ನುವ ಇಸವಿ ಓದಲು ಸಿಕ್ಕಿತು. ಪೆಟ್ಟಿಗೆಯಲ್ಲೇ ಒಂದು ಬಾಗಿದ ಮ್ಯಾಗಜಿನ್, ಅಂದರೆ ತೋಟಾ ತುಂಬುವ ಡಬ್ಬಿ, ಇತ್ತು. ಇಂಗ್ಲಿಸ್ ಅಂದರೆ ಕೆನಡಾದ ಟೊರಾಂಟೊದ ಕಾರ್ಖಾನೆ, ಬಾಗಿದ ಮ್ಯಾಗಜಿನ್ ಅಂದರೆ .303 ಇಂಚಿನ ಕ್ಯಾಲಿಬರ್. ಇಷ್ಟು ಸಾಕು ಅಂದುಕೊಂಡೆ. ‘ಕೆನಡಾದಲ್ಲಿ ತಯಾರಾದ ಬ್ರೆನ್, .303 ಕ್ಯಾಲಿಬರ್, ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೇನೆಗಳ ಬಳಕೆ’ ಅಂತ ಬರೆದು ಮುಗಿಸಿದೆ. ಅದೇ ಮಾತು ಗಾಜಿನ ಪೆಟ್ಟಿಗೆಯ ಫಲಕಕ್ಕೂ ಹೋಯಿತು.

ಎರಡು ವರ್ಷದ ನಂತರ ಒಬ್ಬ ಹಿರಿಯ ಸಂಗ್ರಾಹಕರು ಬಂದರು. ಗನ್ನನ್ನು ಹತ್ತಿರದಿಂದ ನೋಡಬಹುದಾ ಅಂತ ಕೇಳಿದರು. ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಅವರು ಟಾರ್ಚನ್ನು ಮೇಲಿಂದ ಬಿಡಲಿಲ್ಲ, ರಿಸೀವರಿನ, ಅಂದರೆ ಗನ್ನಿನ ಒಳಭಾಗಗಳನ್ನು ಹಿಡಿದಿಡುವ ನಡುವಿನ ಚೌಕಟ್ಟಿನ, ಪಕ್ಕಕ್ಕೆ ಹಿಡಿದು ಬೆಳಕು ಲೋಹದ ಮೇಲೆ ಅಡ್ಡಕ್ಕೆ ಸರಿದು ಹೋಗುವ ಹಾಗೆ ಬಿಟ್ಟರು. ಬಣ್ಣದ ಅಡಿಯಲ್ಲಿ ತುಂಬಿಹೋಗಿದ್ದ ಗೆರೆಗಳು ಒಂದೊಂದಾಗಿ ನೆರಳು ಬಿಟ್ಟು ಎದ್ದು ಕಂಡವು. ಚೀನೀ ಅಕ್ಷರಗಳು!

“ಇದು .303 ಅಲ್ಲ, ಚೀನಾಕ್ಕೆ ಮಾಡಿದ 7.92 ಮಿಲಿಮೀಟರಿನದ್ದು. ಆ ಮ್ಯಾಗಜಿನ್ ಇದರದ್ದಲ್ಲ, ಹಾಕಿ ನೋಡಿದ್ರಾ?” ಅಂದರು. ನಾನು ಹಾಕಿ ನೋಡಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಬಂದದ್ದಕ್ಕೆ ಎರಡೂ ಒಟ್ಟಿನವು ಅಂತ ನಂಬಿಬಿಟ್ಟಿದ್ದೆ.

ಬ್ರೆನ್ ಹುಟ್ಟಿದ್ದು ಜೆಕೊಸ್ಲೊವಾಕಿಯಾದ ಜೆಡ್‌ಬಿ 26 ಅನ್ನುವ ಗನ್ನಿನ ವಂಶದಲ್ಲಿ. ಬ್ರನೊ ಊರಿನ ಮೊದಲ ಅಕ್ಷರಗಳು, ಬ್ರಿಟನ್ನಿನ ಗನ್ ಕಾರ್ಖಾನೆ ಇದ್ದ ಎನ್‌ಫೀಲ್ಡಿನ ಮೊದಲ ಅಕ್ಷರಗಳು ಸೇರಿ ಬ್ರೆನ್ ಅನ್ನುವ ಹೆಸರು ಬಂತು. ಜೆಡ್‌ಬಿ 26ರ ಕ್ಯಾಲಿಬರ್ 7.92. ಬ್ರಿಟಿಷರು ಅದನ್ನು ತಮ್ಮ .303ಕ್ಕೆ ಒಗ್ಗಿಸಿದರು. .303 ತೋಟಾದ ಬುಡದಲ್ಲಿ ಹೊರಗೆ ಚಾಚಿದ ಅಂಚಿದೆ. ಅಂಥ ತೋಟಾಗಳನ್ನು ಒಂದರ ಮೇಲೊಂದು ಇಟ್ಟರೆ ಬುಡದ ಕಡೆ ಸಾಲು ಎತ್ತರ ಆಗುತ್ತದೆ, ತುದಿಯ ಕಡೆ ಕಮ್ಮಿ, ಹಾಗಾಗಿ ಸಾಲು ತಾನಾಗಿ ಬಾಗುತ್ತದೆ. ಬ್ರೆನ್ ಮ್ಯಾಗಜಿನ್ ಬಾಗಿರೋದು ಅದಕ್ಕೇ. 7.92ರ ತೋಟಾಕ್ಕೆ ಆ ಅಂಚಿಲ್ಲ, ಅದರ ಮ್ಯಾಗಜಿನ್‌ಗೆ ಅಷ್ಟು ಬಾಗು ಬೇಕಿಲ್ಲ. ಚೀನಾದ ಸೇನೆ ಮೊದಲೇ ಜೆಡ್‌ಬಿ 26ನ್ನು ತುಂಬಾ ಬಳಸುತ್ತಿತ್ತು, ಅವರ ತೋಟಾ 7.92. ಹಾಗಾಗಿ ಯುದ್ಧಕಾಲದಲ್ಲಿ ಇಂಗ್ಲಿಸ್ ಅವರಿಗೆಂದೇ ಮಾಡಿದ ಬ್ರೆನ್ ಮತ್ತೆ ತನ್ನ ಪೂರ್ವಜರ ಕ್ಯಾಲಿಬರಿಗೇ ವಾಪಸ್ ಹೋಯಿತು. ಎಷ್ಟು ಚೆಂದದ ಕಥೆ ಅಲ್ವಾ? ನಮ್ಮ ಫಲಕ ಓದಿದವರಿಗೆ ಎರಡು ವರ್ಷ ಈ ಕಥೆ ಸಿಗಲೇ ಇಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೆ.

ಅವತ್ತಿನಿಂದ ನಾನು ಮೊದಲು ರಿಸೀವರ್ ಓದುತ್ತೇನೆ. ಬೇರೆಲ್ಲ ಆಮೇಲೆ. ಮಷಿನ್ ಗನ್ನಿನ ಬ್ಯಾರೆಲ್ ಬಿಸಿಯಾದಾಗ ಬದಲಾಯಿಸಲೆಂದೇ ಮಾಡಿದ್ದು, ಬ್ರೆನ್ ಜೊತೆ ಬಿಡಿ ಬ್ಯಾರೆಲ್ ಕೊಡುತ್ತಿದ್ದರು. ಹಾಗಿರುವಾಗ ಬ್ಯಾರೆಲ್ ಮೇಲಿನ ಇಸವಿ ಗನ್ನಿನ ಇಸವಿ ಹೇಗಾದೀತು? ಕಾಲು, ಹಿಡಿ, ಮರದ ಬಟ್ ಎಲ್ಲವೂ ರಿಪೇರಿ ಶೆಡ್ಡಿನಲ್ಲಿ ಅದಲುಬದಲು ಆಗಿರುತ್ತವೆ. ಬ್ರೆನ್‌ನ ಮೊದಲ ಮಾದರಿ ಮಾರ್ಕ್ 1ರಲ್ಲಿ ಗುರಿ ಹೊಂದಿಸಲು ಪಕ್ಕದಲ್ಲಿ ತಿರುಗುವ ದುಂಡನೆ ಡ್ರಮ್ ಇರುತ್ತದೆ, ಮಾರ್ಕ್ 2ರಲ್ಲಿ ಅದನ್ನು ಬಿಟ್ಟು ಸರಳ ಪಟ್ಟಿ ಹಾಕಿದರು. ಇದು ಒಳ್ಳೇ ಗುರುತು, ಆದರೂ ರಿಸೀವರ್ ಮೇಲಿನ ಬರಹದ ಜೊತೆ ತಾಳೆ ನೋಡದೆ ಕಾರ್ಡಿಗೆ ಹಾಕೋದಿಲ್ಲ.

ಎರಡನೇ ಮಹಾಯುದ್ಧದ ಜರ್ಮನ್ ಮಷಿನ್ ಗನ್ ಎಂಜಿ 42 ವಿಷಯದಲ್ಲಿ ಮೋಸ ಹೋಗುವವರು ಇನ್ನೂ ಜಾಸ್ತಿ. ಯುದ್ಧದ ನಂತರ ಯುಗೊಸ್ಲಾವಿಯಾ ಅದೇ ಆಕಾರ, ಅದೇ 7.92 ಕ್ಯಾಲಿಬರಿನಲ್ಲಿ ಎಂ 53 ಮಾಡಿತು. ದೂರದಿಂದ ನೋಡಿದರೆ ಎರಡೂ ಒಂದೇ. ಜರ್ಮನ್ ಕಾಲದ್ದಾದರೆ ತಯಾರಕರ ಗುಟ್ಟಿನ ಅಕ್ಷರಗಳು ಇರಬೇಕು, ಗುಸ್ಟ್‌ಲೊಫ್ ಕಾರ್ಖಾನೆಗೆ ‘ಡಿಎಫ್‌ಬಿ’, ಸ್ಟೈಯರ್‌ಗೆ ‘ಬಿಎನ್‌ಜೆಡ್’ ಹೀಗೆ, ಜೊತೆಗೆ ತಪಾಸಣೆಯ ಹದ್ದಿನ ಮುದ್ರೆ. ಬರೀ ಹದ್ದು ಕಂಡ ತಕ್ಷಣ ದುಡ್ಡು ಕೊಡಬೇಡಿ. ಸುತ್ತಲಿನ ಲೋಹ ಸವೆದು ನುಣ್ಣಗಾಗಿದ್ದು ಮುದ್ರೆಯ ಅಂಚು ಮಾತ್ರ ಚೂಪಾಗಿದ್ದರೆ ಅದನ್ನು ಯಾರೋ ಆಮೇಲೆ ಹೊಡೆದಿದ್ದಾರೆ.

ಇದಕ್ಕೇ ಹೇಳೋದು, ಗನ್ ಕೈಗೆ ಬಂದ ಕೂಡಲೇ ಉಜ್ಜಬೇಡಿ. ತಂತಿ ಬ್ರಷ್ ಹಾಕಿದರೆ ತೆಳುವಾದ ಮುದ್ರೆ ಹೋಗೇಬಿಡುತ್ತದೆ. ಮೊದಲು ಅಡ್ಡ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಕಂಡದ್ದನ್ನು ಕಂಡ ಹಾಗೇ ಬರೆದುಕೊಳ್ಳಿ. ವಿಕರ್ಸ್ ಅನ್ನುವ ಹಳೇ ಬ್ರಿಟಿಷ್ ಮಷಿನ್ ಗನ್ ಆದರೆ ಇನ್ನೊಂದು ಎಚ್ಚರಿಕೆ. ಅದು ನೀರಿನಿಂದ ತಣಿಯುವ ಗನ್, ನೀರು ಸೋರದಿರಲಿ ಅಂತ ಬ್ಯಾರೆಲ್ ಸುತ್ತ ಆಸ್‌ಬೆಸ್ಟಾಸ್ ದಾರ ಸುತ್ತುತ್ತಿದ್ದರು. ಹಳೇ ದಾರ ಒಳಗೇ ಉಳಿದಿರಬಹುದು. ಅದನ್ನು ನೀವಾಗಿ ಕೆದಕಿ ತೆಗೆಯಬೇಡಿ.

ಇನ್ನು ಕಾಗದಪತ್ರ. ಅರ್ಹ ವ್ಯಕ್ತಿ ಪರೀಕ್ಷಿಸುವ ತನಕ ನಮ್ಮಲ್ಲಿ ಪ್ರತಿ ಗನ್ನೂ ಜೀವಂತ ಗನ್ನೇ, ತಂದವರು ಏನೇ ಹೇಳಲಿ. ‘ಡಿಆಕ್ಟಿವೇಟೆಡ್’ ಅನ್ನುವ ಮಾತಿನ ಅರ್ಥ ಎಲ್ಲ ದೇಶದಲ್ಲೂ ಒಂದೇ ಅಲ್ಲ. ಬ್ರಿಟನ್‌ನಲ್ಲಿ 1988ರ ಕಾನೂನಿನ ನಂತರ ಲಂಡನ್, ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ಗಳು, ಅಂದರೆ ಗನ್ ಪರೀಕ್ಷಿಸುವ ಅಧಿಕೃತ ಸಂಸ್ಥೆಗಳು, ಮುದ್ರೆ ಹೊಡೆದು ಸರ್ಟಿಫಿಕೇಟ್ ಕೊಡುತ್ತಾ ಬಂದವು, 1995ರಲ್ಲಿ ನಿಯಮ ಬಿಗಿಯಾಯಿತು. ಯುರೋಪಿಯನ್ ಒಕ್ಕೂಟದ ಇನ್ನೂ ಬಿಗಿಯಾದ ನಿಯಮ ಜಾರಿಗೆ ಬಂದದ್ದು 2016ರ ಏಪ್ರಿಲ್ 8ರಂದು. ಅಮೆರಿಕದ ಕೇಂದ್ರ ಕಾನೂನಿನಲ್ಲಂತೂ ರಿಸೀವರೇ ಮಷಿನ್ ಗನ್, ಬ್ಯಾರೆಲ್ ಮುಚ್ಚಿ ವೆಲ್ಡ್ ಮಾಡಿದ ಮಾತ್ರಕ್ಕೆ ಅದು ಬೇರೆ ವಸ್ತುವಾಗುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ನೀವಿರುವ ದೇಶದ ಇವತ್ತಿನ ನಿಯಮ ಏನು ಅಂತ ತಿಳಿದುಕೊಳ್ಳಿ. ಸರ್ಟಿಫಿಕೇಟಿನ ಸೀರಿಯಲ್ ನಂಬರನ್ನು ಗನ್ನಿನ ನಂಬರಿನ ಜೊತೆ ಒಂದೊಂದೇ ಅಂಕೆಯಾಗಿ ಹೋಲಿಸಿ. ಒಂದು ಅಂಕೆ ಬೇರೆಯಾದರೂ ಅದು ಆ ಗನ್ನಿನ ಕಾಗದ ಅಲ್ಲ.

ಆ ಬ್ರೆನ್ ಈಗಲೂ ಅದೇ ಗಾಜಿನ ಪೆಟ್ಟಿಗೆಯಲ್ಲಿದೆ. ಕಪ್ಪು ಬಣ್ಣ ತೆಗೆದಿಲ್ಲ, ಅದೂ ಗನ್ನಿನ ಬದುಕಿನ ಒಂದು ಭಾಗ. ಪಕ್ಕದಿಂದ ಒಂದು ಸಣ್ಣ ದೀಪ ಹಾಕಿಸಿದ್ದೇನೆ, ನೋಡಲು ಬಂದವರಿಗೆ ಚೀನೀ ಅಕ್ಷರಗಳು ಬರಿಗಣ್ಣಿಗೇ ಕಾಣುತ್ತವೆ. ಮ್ಯಾಗಜಿನ್ ಮಾತ್ರ ಬೇರೆ ಕಪಾಟಿನಲ್ಲಿ, ಬೇರೆ ಕಾರ್ಡಿನ ಜೊತೆ ಇದೆ.